ಸೀರಿಯಲ್ ಪೋರ್ಟ್ ಸಾಲದಾದಾಗ

ಆಂಡರ್ಸನ್‌ಪೇಟೆಯೂ ಸೇರಿದಂತೆ ಕೆ.ಜಿ.ಎಫ್. ಪ್ರದೇಶದಲ್ಲಿ ಓಡಾಡಿದವರಿಗೆ ‘ಸಯನೈಡ್ ದಿಬ್ಬ’ಗಳ ಪರಿಚಯವಿದ್ದೇ ಇರುತ್ತದೆ. ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಅದಿರಿನ ಪುಡಿಯ ರಾಶಿಗಳಿವು. 2001ರಲ್ಲಿ ಗಣಿ ಮುಚ್ಚಿತು, ದಿಬ್ಬಗಳು ಉಳಿದವು. ಗಾಳಿ ಬೀಸಿದಾಗ ಅವುಗಳ ಧೂಳು ಮನೆಗಳಿಗೂ ನುಗ್ಗುತ್ತದೆ. ಈ ಧೂಳನ್ನು ಅಳೆಯುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಾಜೆಕ್ಟ್.

ಆರ್ಡುಯಿನೊ ಯುನೊ ಫಲಕ, ಪಿಎಂಎಸ್5003 ಧೂಳು ಸಂವೇದಕ, ಸ್ಥಳ ಮತ್ತು ಸಮಯ ತಿಳಿಸುವ ಜಿಪಿಎಸ್ ಘಟಕ ಇದ್ದರೆ ಸಾಕು. ಸಂವೇದಕ, ಜಿಪಿಎಸ್ ಎರಡಕ್ಕೂ ಸೀರಿಯಲ್ ಪೋರ್ಟ್ ಬೇಕು. ಆದರೆ ಯುನೊದ ಎಟಿಮೆಗಾ328ಪಿ ಚಿಪ್ಪಿನಲ್ಲಿ ಇರುವುದು ಒಂದೇ. ಅದೂ ಕಂಪ್ಯೂಟರಿನ ಸಂಪರ್ಕಕ್ಕೆ ಮೀಸಲು. ಏನು ಮಾಡೋಣ?

ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಒಂದು ಬಿಟ್‌ನ ಅವಧಿ 104 ಮೈಕ್ರೊಸೆಕೆಂಡ್. ಆರಂಭ ಮತ್ತು ಅಂತ್ಯದ ಬಿಟ್‌ಗಳೂ ಸೇರಿ ಒಂದು ಬೈಟ್‌ಗೆ 10 ಬಿಟ್, ಅಂದರೆ ಸುಮಾರು 1 ಮಿಲಿಸೆಕೆಂಡ್. ಕಾಲ ತಿಳಿಸುವ ಪ್ರತ್ಯೇಕ ತಂತಿ ಇಲ್ಲ. ಆರಂಭದ ಬಿಟ್‌ನಿಂದ ಎಣಿಸುತ್ತ ಹೋಗಬೇಕು. ನಿಜವಾದ ಪೋರ್ಟ್ ಈ ಎಣಿಕೆಯನ್ನು ತಾನೇ ಮಾಡುತ್ತದೆ. ‘ಸಾಫ್ಟ್‌ವೇರ್‌ಸೀರಿಯಲ್’ ಲೈಬ್ರರಿ ಬೇರೆ ಪಿನ್‌ಗಳನ್ನು ಪೋರ್ಟ್ ಆಗಿಸುತ್ತದೆ, ನಿಜ; ಆದರೆ ಆಗ ಎಣಿಸುವವನು ಪ್ರೊಸೆಸರ್. ಇಂಥ ಎರಡು ಪೋರ್ಟ್ ಮಾಡಿದರೂ ಒಮ್ಮೆಗೆ ಒಂದನ್ನು ಮಾತ್ರ ಕೇಳಬಹುದು. ಇನ್ನೊಂದರ ಮಾತು ಸದ್ದಿಲ್ಲದೆ ನಷ್ಟವಾಗುತ್ತದೆ.

ಜಿಪಿಎಸ್ ಪ್ರತಿ ಸೆಕೆಂಡಿಗೆ 400 ಬೈಟ್ ಕಳಿಸುತ್ತದೆ ಎಂದಿಟ್ಟುಕೊಳ್ಳಿ. ಅದಕ್ಕೆ 0.42 ಸೆಕೆಂಡ್ ಬೇಕು. ಧೂಳು ಸಂವೇದಕದ ಒಂದು ಸಂದೇಶ 32 ಬೈಟ್, 0.033 ಸೆಕೆಂಡ್ ಸಾಕು. ಸಮಯ ಧಾರಾಳವಾಗಿದೆ; ತೊಂದರೆ ಇರುವುದು ಇಬ್ಬರೂ ಒಟ್ಟಿಗೆ ಮಾತಾಡಿದಾಗ. ಆದ್ದರಿಂದ ಸಾಧನಗಳೆಷ್ಟು ಎಂದು ಎಣಿಸಬೇಡಿ. ಕೇಳದೆಯೇ ಮಾತಾಡುವವು ಎಷ್ಟು ಎಂದು ಎಣಿಸಿ.

ಪಿಎಂಎಸ್5003ಕ್ಕೆ ಆದೇಶ ಕೊಟ್ಟು, ಕೇಳಿದಾಗ ಮಾತ್ರ ಉತ್ತರಿಸುವಂತೆ ಮಾಡಬಹುದು. ಜಿಪಿಎಸ್ ಮಾತು ಮುಗಿಸಿದ ಮೇಲೆ ಧೂಳನ್ನು ವಿಚಾರಿಸಿ. ಸಂವೇದಕದ ಸಂಕೇತ 3.3 ವೋಲ್ಟ್, ಯುನೊದ್ದು 5 ವೋಲ್ಟ್. ಆದೇಶದ ತಂತಿಗೆ ಎರಡು ರೋಧಕಗಳ ವಿಭಾಜಕ ಹಾಕಲು ಮರೆಯದಿರಿ. ಕೇಳದೆ ಮಾತಾಡುವ ಸಾಧನಗಳು ಹೆಚ್ಚಿದ್ದರೆ 4 ಪೋರ್ಟ್‌ಗಳ ಮೆಗಾ 2560 ಫಲಕ ಬಳಸಿ. ಇಲ್ಲವೇ ಎಸ್‌ಸಿ16ಐಎಸ್752 ಚಿಪ್ಪನ್ನು ಸೇರಿಸಿ. ಅದರ ಎರಡೂ ಪೋರ್ಟ್‌ಗಳು ಬಂದ 64 ಬೈಟ್‌ಗಳನ್ನು ಕಾದಿಟ್ಟಿರುತ್ತವೆ.

ಧೂಳಿನ ಸಂದೇಶದ ಕೊನೆಯ 2 ಬೈಟ್‌ಗಳು ಮೊದಲ 30 ಬೈಟ್‌ಗಳ ಮೊತ್ತ. ಮೊತ್ತ ತಾಳೆಯಾಗದಿದ್ದರೆ ಆ ಅಳತೆಯನ್ನು ಬಿಟ್ಟುಬಿಡಿ. ಆದರೆ ಅಲ್ಲಿ ಸೊನ್ನೆ ಬರೆಯಬೇಡಿ, ಖಾಲಿ ಬಿಡಿ. ನಾವು ಕೇಳಿಸಿಕೊಳ್ಳಲಿಲ್ಲ ಎಂದ ಮಾತ್ರಕ್ಕೆ ಗಾಳಿ ಶುದ್ಧವಾಗಿತ್ತು ಎಂದರ್ಥವಲ್ಲ.