ಜೀತ, ಭಿಕ್ಷೆ, ವಾರಾನ್ನ: ಮಲೆನಾಡಿನ ಬಾಲಶ್ರಮವೂ ವಿದ್ಯಾಭ್ಯಾಸವೂ

೧

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ, ಹೊಸನಗರ, ಸಾಗರ ಎಂಬ ಮೂರು ತಾಲ್ಲೂಕುಗಳು ಅಡಕೆಯ ತೋಟ, ಭತ್ತದ ಗದ್ದೆ, ಕಾಡು ಇವುಗಳನ್ನು ನಂಬಿ ಬಾಳುವ ಸೀಮೆ. ಕೋಣಂದೂರು ಈ ಸೀಮೆಯ ಊರುಗಳಲ್ಲೊಂದು. ಕುಪ್ಪಳಿಯ ಕುವೆಂಪು, ಮೇಳಿಗೆಯ ಅನಂತಮೂರ್ತಿ ಇಂಥವರನ್ನು ಕನ್ನಡಕ್ಕೆ ಕೊಟ್ಟ ಈ ನೆಲದಲ್ಲಿಯೇ ಅನೇಕ ತಲೆಮಾರುಗಳ ಮಕ್ಕಳು ಶಾಲೆಯ ಹೊಸಿಲನ್ನು ಕಾಣದೆ ದನ ಕಾಯುತ್ತ, ಸೊಪ್ಪು ಹೊರುತ್ತ ಬೆಳೆದರು. ಇದಕ್ಕೆ ಬಡತನವೇ ಕಾರಣವೆಂದು ಹೇಳುವುದು ವಾಡಿಕೆ. ಈ ಉತ್ತರವು ಸುಳ್ಳಲ್ಲ, ಆದರೆ ಅಪೂರ್ಣವಾದುದು. ಏಕೆಂದರೆ ಇದೇ ನಾಡಿನಲ್ಲಿ ಒಪ್ಪೊತ್ತಿನ ಊಟಕ್ಕೂ ಗತಿಯಿಲ್ಲದ ಹುಡುಗರು ಓದಿ ವಿದ್ವಾಂಸರಾದ ದೃಷ್ಟಾಂತಗಳೂ ಉಂಟು. ಹಸಿವು ಒಬ್ಬನನ್ನು ಶಾಲೆಯಿಂದ ದೂರವಿಟ್ಟು ಮತ್ತೊಬ್ಬನನ್ನು ಏಕೆ ತಡೆಯಲಿಲ್ಲವೆಂಬುದು ವಿಚಾರಾರ್ಹವಾಗಿದೆ.

೨

ಮೊದಲು ಪದಗಳನ್ನು ನೋಡಬಹುದು. ‘ಜೀತ’ ಎಂಬುದು ‘ಜೀವಿತ’ ಶಬ್ದದ ತದ್ಭವ. ಹಳಗನ್ನಡದಲ್ಲಿ ಜೀವಿತವೆಂದರೆ ಬದುಕು ಮಾತ್ರವಲ್ಲ. ಒಡೆಯನು ಆಳಿಗೆ ಬದುಕುವುದಕ್ಕಾಗಿ ಕೊಡುವ ಸಂಬಳವೂ ಅದೇ. ಕಾಲಕ್ರಮದಲ್ಲಿ ಸಂಬಳವೆಂಬ ಅರ್ಥವು ಸವೆದು, ಸಾಲಕ್ಕಾಗಿ ಒಬ್ಬನ ದುಡಿಮೆಯನ್ನು ಅಡವಿಡುವುದೆಂಬ ಅರ್ಥವು ನೆಲೆಗೊಂಡಿತು. ‘ಬಿಟ್ಟಿ’ ಎಂಬುದು ಸಂಸ್ಕೃತದ ‘ವಿಷ್ಟಿ’ಯಿಂದ ಬಂದುದು, ಕೂಲಿಯಿಲ್ಲದ ದುಡಿಮೆಯನ್ನು ಹೇಳುತ್ತದೆ. ‘ಕೂಲಿ’ ಶಬ್ದದ ಗತಿ ಇನ್ನೂ ಕುತೂಹಲಕರವಾದುದು. ಸರ್ಕಾರಿ ಶಾಲೆಗಳು ಹರಡುವ ಮುನ್ನ ಹಳ್ಳಿಗಳಲ್ಲಿದ್ದ ಓದಿನ ಮನೆಗಳಿಗೆ ‘ಕೂಲಿಮಠ’ವೆಂದು ಹೆಸರು. ಅಲ್ಲಿ ಮಗುವಿನ ಮನೆಯವರು ಐಗಳಿಗೆ ಧಾನ್ಯವನ್ನೋ ಹಣವನ್ನೋ ಕೂಲಿಯಾಗಿ ಕೊಡುತ್ತಿದ್ದರು. ಕೊಡಲಾರದವರ ಮಗು ಕೂಲಿಮಠಕ್ಕೆ ಹೋಗದೆ ತಾನೇ ಕೂಲಿಗೆ ಹೋಗುತ್ತಿತ್ತು. ಒಂದೇ ಶಬ್ದವು ಒಬ್ಬನಿಗೆ ವಿದ್ಯೆಯ ಬೆಲೆಯಾಗಿಯೂ ಮತ್ತೊಬ್ಬನಿಗೆ ಬಾಲ್ಯದ ಬೆಲೆಯಾಗಿಯೂ ನಿಂತಿತೆಂಬುದು ಗಮನಿಸತಕ್ಕ ಅಂಶ.

೩

ಜೀತದ ತಿರುಳು ಸಾಲದಲ್ಲಿದೆ. ಮದುವೆಗೋ ರೋಗಕ್ಕೋ ಮಳೆಗಾಲದ ಅಕ್ಕಿಗೋ ತಂದೆಯು ಪಡೆದ ಹಣವು ಅವನ ದುಡಿಮೆಯಿಂದ ತೀರದಾಗ, ಮಗನು ಒಡೆಯನ ಕೊಟ್ಟಿಗೆಯ ಕೆಲಸಕ್ಕೆ ಸೇರುತ್ತಿದ್ದನು. ಅವನ ಊಟ, ಬಟ್ಟೆಗಳ ಖರ್ಚು ಕಳೆದು ಉಳಿಯುವುದು ಬಡ್ಡಿಗೂ ಸಾಲದಾಗಿ, ಅಸಲು ಹಾಗೆಯೇ ಮುಂದಿನ ತಲೆಗೆ ದಾಟುತ್ತಿತ್ತು. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ (೧೯೩೩) ಚೋಮನ ಮಕ್ಕಳು ತಂದೆಯ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋಗುವ ಕಥೆಯು ಈ ಯಂತ್ರವನ್ನು ಸ್ಪಷ್ಟವಾಗಿ ತೋರಿಸುತ್ತದೆ: ಸಾಲ ಮಾಡಿದವನು ಒಬ್ಬ, ತೀರಿಸುವವರು ಬೇರೆ, ಸಾಲವಂತೂ ತೀರುವುದಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (೧೯೬೭) ತೀರ್ಥಹಳ್ಳಿಯ ಸೀಮೆಯನ್ನೇ ಚಿತ್ರಿಸುವ ಕಾದಂಬರಿ. ಅದರಲ್ಲಿ ಸಿಂಬಾವಿಯ ಆಳಾದ ಗುತ್ತಿಯು ತಾನು ಮೆಚ್ಚಿದವಳನ್ನು ಮದುವೆಯಾಗುವುದಕ್ಕೂ ಒಡೆಯರ ಮರ್ಜಿಯು ಅಡ್ಡವಾಗುತ್ತದೆ. ಮದುವೆಯಂಥ ವಿಷಯದಲ್ಲಿಯೇ ಸ್ವಾತಂತ್ರ್ಯವಿಲ್ಲದ ಕೇರಿಯಲ್ಲಿ ಮಗುವನ್ನು ಶಾಲೆಗೆ ಕಳುಹಿಸುವ ಸ್ವಾತಂತ್ರ್ಯವನ್ನು ನಿರೀಕ್ಷಿಸುವುದು ಹೇಗೆ? ಮಗುವಿನ ಹೊತ್ತು ಆ ಮಗುವಿನದಾಗಲಿ ತಂದೆತಾಯಿಗಳದಾಗಲಿ ಆಗಿರಲಿಲ್ಲ.

ಜೀತವಿಲ್ಲದ ಮನೆಗಳಲ್ಲಿಯೂ ಮತ್ತೊಂದು ತೊಡಕಿತ್ತು, ಅದು ಋತುವಿನದು. ಶಾಲೆಯ ವರ್ಷವು ಜೂನ್ ತಿಂಗಳಲ್ಲಿ ಆರಂಭವಾಗುವ ಹೊತ್ತಿಗೆ ಮಲೆನಾಡಿನಲ್ಲಿ ಮಳೆ ಹಿಡಿಯುತ್ತದೆ. ಹಳ್ಳಗಳು ತುಂಬಿ ಸಂಕಗಳು ಜಾರುತ್ತವೆ. ಸಸಿ ಕೀಳುವ, ನೆಟ್ಟಿ ಮಾಡುವ ಕೆಲಸವೂ ಆಗಲೇ. ಮಳೆ ತೀರಿತೆನ್ನುವಷ್ಟರಲ್ಲಿ ಅಡಕೆಯ ಕೊಯ್ಲು. ಕೊಯ್ದ ಹಸಿಯಡಕೆಯನ್ನು ಬಹಳ ಕಾಲ ಇಡುವಂತಿಲ್ಲ. ಬೇಗನೆ ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಬೇಕು. ಆದುದರಿಂದ ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯವರೆಗೂ ಸುಲಿಯುವುದು ಈ ಕೆಲಸದ ಸ್ವಭಾವ. ಕೂಲಿಯು ಸುಲಿದ ಅಳತೆಗೆ ತಕ್ಕಂತೆ ದೊರೆಯುವುದರಿಂದ, ತಾಯಿಯ ಪಕ್ಕದಲ್ಲಿ ಕುಳಿತ ಮಗುವಿನ ಬೆರಳುಗಳೂ ಲೆಕ್ಕಕ್ಕೆ ಬರುತ್ತವೆ. ಅಂಥ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತದೆ. ಅದು ಶಾಲೆಗೂ ಬಂದೀತು. ಆದರೆ ನಿದ್ದೆಗೆಟ್ಟ ಕಣ್ಣುಗಳಿಗೆ ಪಾಠವು ಹತ್ತುವುದಿಲ್ಲ. ಶಾಲೆ ಬಿಟ್ಟ ಮಕ್ಕಳನ್ನು ಎಣಿಸುವ ಲೆಕ್ಕಗಳಲ್ಲಿ ಈ ನಷ್ಟವು ಕಾಣಿಸುವುದೇ ಇಲ್ಲ.

೪

ಭಿಕ್ಷೆಯ ವಿಷಯವು ಇದಕ್ಕಿಂತ ಜಟಿಲ. ಭಾರತೀಯ ಸಂಪ್ರದಾಯದಲ್ಲಿ ಭಿಕ್ಷೆಯು ವಿದ್ಯೆಗೆ ವಿರೋಧಿಯಾಗಿರದೆ ಅದರ ಅಂಗವಾಗಿತ್ತು. ಉಪನೀತನಾದ ವಟುವು ಭಿಕ್ಷೆಯೆತ್ತಿ ಗುರುವಿಗೆ ಒಪ್ಪಿಸಬೇಕೆಂಬುದು ಶಾಸ್ತ್ರವಿಧಿ. ಅದರ ಆಧುನಿಕ ರೂಪವೇ ವಾರಾನ್ನ: ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಪಟ್ಟಣದ ಶಾಲೆಯಲ್ಲಿ ಓದುವುದು. ಎಸ್. ಎಲ್. ಭೈರಪ್ಪನವರ ಆತ್ಮವೃತ್ತಾಂತವಾದ ‘ಭಿತ್ತಿ’ಯನ್ನು ಓದಿದವರಿಗೆ ಈ ವ್ಯವಸ್ಥೆಯ ಉಪಕಾರವೂ ಅದರೊಳಗಿನ ಅವಮಾನವೂ ತಿಳಿದೇ ಇದೆ. ಮಲೆನಾಡಿನಲ್ಲಿ ದೀಪಾವಳಿಯ ಕಾಲಕ್ಕೆ ದೀಪ ಹಿಡಿದು ಮನೆಮನೆಗೂ ಹಾಡುತ್ತ ಬರುವ ಅಂಟಿಗೆ ಪಂಟಿಗೆಯವರಿಗೆ ಅಕ್ಕಿ, ಕಾಯಿ, ಹಣ ಕೊಡುವುದುಂಟು. ಇದನ್ನೂ ಯಾರೂ ಭಿಕ್ಷಾಟನೆಯೆನ್ನುವುದಿಲ್ಲ. ಕೊಡುವುದೂ ಪಡೆಯುವುದೂ ಅಲ್ಲಿ ಹಬ್ಬದ ಒಂದು ಭಾಗ.

ಹಾಗಾದರೆ ಸಂತೆಯಲ್ಲಿ, ಜಾತ್ರೆಯಲ್ಲಿ, ಬಸ್ಸಿನ ನಿಲ್ದಾಣದಲ್ಲಿ ಕೈಯೊಡ್ಡುವ ಮಗುವಿನ ಭಿಕ್ಷೆಗೂ ವಟುವಿನ ಭಿಕ್ಷೆಗೂ ಭೇದವೇನು? ವಟುವಿನ ಭಿಕ್ಷೆಗೆ ಗೊತ್ತಾದ ಹೊತ್ತಿದೆ, ಅಂತ್ಯವಿದೆ, ಆಚೆಗೆ ಒಬ್ಬ ಗುರುವಿದ್ದಾನೆ. ಸಂತೆಯ ಮಗುವಿಗೆ ಇವೊಂದೂ ಇಲ್ಲ. ಅದರ ದಿನವೆಲ್ಲವೂ ಭಿಕ್ಷೆಗೆ ಮೀಸಲು, ಗಳಿಕೆಯು ಅನೇಕ ವೇಳೆ ಪರರ ಪಾಲು. ಎಳೆಯ ಮುಖಕ್ಕೆ ಕನಿಕರ ಹೆಚ್ಚಾದುದರಿಂದ ವಯಸ್ಸು ಕಡಮೆಯಾದಷ್ಟೂ ಗಳಿಕೆಯು ಅಧಿಕ. ಹೀಗೆ ಶಾಲೆಗೆ ಸೇರತಕ್ಕ ವಯಸ್ಸೇ ಭಿಕ್ಷೆಗೆ ಅತ್ಯಂತ ಲಾಭದಾಯಕವಾದ ವಯಸ್ಸಾಗುತ್ತದೆ. ಕನಿಕರದಿಂದ ಕೊಟ್ಟ ನಾಣ್ಯವು ಆ ಮಗುವನ್ನು ಅಲ್ಲಿಯೇ ನಿಲ್ಲಿಸುವ ಸಂಬಳವೂ ಆಗುತ್ತದೆಂಬುದನ್ನು ದಾನಿಗಳು ಮರೆಯುತ್ತಾರೆ.

ವಾರಾನ್ನಕ್ಕೂ ಒಂದು ದೊಡ್ಡ ಮಿತಿಯಿತ್ತು. ಅದು ಪಂಕ್ತಿಭೋಜನದ ಕಟ್ಟಳೆಗೆ ಒಳಪಟ್ಟುದರಿಂದ ಬಹುಮಟ್ಟಿಗೆ ಮೇಲುಜಾತಿಯ ಹುಡುಗರಿಗೆ, ಮುಖ್ಯವಾಗಿ ಬ್ರಾಹ್ಮಣ ವಟುಗಳಿಗೆ, ತೆರೆದಿದ್ದ ಬಾಗಿಲು. ಹಸಿದ ವಟುವಿಗೆ ಏಳು ಮನೆಗಳಿದ್ದುವು. ಹಸಿದ ಜೀತದ ಹುಡುಗನಿಗೆ ಒಡೆಯನದೊಂದೇ ಮನೆ, ಅದೂ ಹೊರಗಿನ ಕೊಟ್ಟಿಗೆ. ಮೊದಲು ಎತ್ತಿದ ಪ್ರಶ್ನೆಗೆ ಉತ್ತರವು ಇಲ್ಲಿ ದೊರೆಯುತ್ತದೆ. ಹಸಿವು ಇಬ್ಬರಿಗೂ ಸಮಾನವಾಗಿತ್ತು. ಅದನ್ನು ವಿದ್ಯೆಗೆ ಅಡ್ಡಿಯಾಗದಂತೆ ಮಾಡುವ ಏರ್ಪಾಡು ಒಬ್ಬನಿಗೆ ಮಾತ್ರ ಇತ್ತು.

೫

ರಾಜ್ಯಶಾಸನಗಳು ಈ ಕ್ಷೇತ್ರವನ್ನು ನಿಧಾನವಾಗಿ ಪ್ರವೇಶಿಸಿದುವು. ಗೋಖಲೆಯವರು ೧೯೧೧ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದ ಕಡ್ಡಾಯ ಶಿಕ್ಷಣದ ಮಸೂದೆಯು ಬಿದ್ದುಹೋಯಿತು. ಮೈಸೂರು ಸಂಸ್ಥಾನವು ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ೧೯೧೩ರ ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ನಿನ ಮೂಲಕ, ಆಯ್ದ ಸ್ಥಳಗಳಲ್ಲಿ ಕಡ್ಡಾಯವನ್ನು ತರಲು ಯತ್ನಿಸಿತು. ಬ್ರಿಟಿಷ್ ಇಂಡಿಯಾದಲ್ಲಿ ೧೯೩೩ರ ಕಾನೂನು ಮಕ್ಕಳ ದುಡಿಮೆಯನ್ನು ಅಡವಿಡುವ ಕರಾರುಗಳನ್ನು ಅಸಿಂಧುವೆಂದಿತು; ದಂಡವು ತಂದೆತಾಯಿಗಳಿಗೆ ೫೦ ರೂಪಾಯಿ, ಒಡೆಯನಿಗೆ ೨೦೦ ರೂಪಾಯಿಗಳವರೆಗೆ ಮಾತ್ರ. ೧೯೭೬ರ ಜೀತಪದ್ಧತಿ ರದ್ದಿಯಾತಿ ಅಧಿನಿಯಮವು ಜೀತದ ಸಾಲವನ್ನೇ ಅಳಿಸಿಹಾಕಿ, ಪೂರ್ವಿಕರ ಋಣಕ್ಕೆ ಸಂತಾನವು ದುಡಿಯಬೇಕೆಂಬ ಕಟ್ಟನ್ನು ಮುರಿಯಿತು.

ಮಲೆನಾಡಿನಲ್ಲಿ ಇದಕ್ಕೆ ಮೊದಲೇ ಭೂಮಿಯ ಪ್ರಶ್ನೆಯು ಎದ್ದಿತ್ತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ೧೯೫೧ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಅದರ ಮುಂದಾಳುಗಳಲ್ಲೊಬ್ಬರು. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧಿತರಾದರು. ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವನಿಗೆ ಒಡೆತನವು ದೊರೆಯುವಂತಾಯಿತು. ಇವು ಶಿಕ್ಷಣದ ಚಳವಳಿಗಳೆಂದು ಕರೆಯಿಸಿಕೊಳ್ಳಲಿಲ್ಲ. ಆದರೆ ಗೇಣಿಯ ಅಂಜಿಕೆಯಿಲ್ಲದ ತಂದೆಯು ಮಾತ್ರವೇ ಮಗುವಿನ ಹೊತ್ತನ್ನು ಶಾಲೆಗೆ ಒಪ್ಪಿಸಬಲ್ಲನಾದುದರಿಂದ, ವಿದ್ಯಾಭ್ಯಾಸದ ಇತಿಹಾಸದಲ್ಲಿ ಅವಕ್ಕೆ ಸ್ಥಾನವಿರತಕ್ಕದ್ದು.

ಅನಂತರ ೨೦೦೯ರ ಶಿಕ್ಷಣದ ಹಕ್ಕಿನ ಅಧಿನಿಯಮವು ೨೦೧೦ರ ಏಪ್ರಿಲ್ ೧ರಿಂದ ೬ರಿಂದ ೧೪ ವರ್ಷದವರೆಗಿನ ಮಕ್ಕಳಿಗೆ ಶಿಕ್ಷಣವನ್ನು ಹಕ್ಕಾಗಿಸಿತು. ಬಾಲರನ್ನು ಭಿಕ್ಷೆಗೆ ಹಚ್ಚಿದವನಿಗೆ ೨೦೧೫ರ ಬಾಲನ್ಯಾಯದ ಅಧಿನಿಯಮವು ಐದು ವರ್ಷಗಳವರೆಗೆ ಸೆರೆಯನ್ನು ವಿಧಿಸಿ, ಭಿಕ್ಷೆ ಬೇಡುವ ಮಗುವನ್ನು ರಕ್ಷಣೆಗೆ ಅರ್ಹವೆಂದು ಗಣಿಸಿತು. ೨೦೧೬ರ ತಿದ್ದುಪಡಿಯು ೧೪ ವರ್ಷದೊಳಗಿನವರ ದುಡಿಮೆಯನ್ನು ಎಲ್ಲ ಕಸುಬುಗಳಲ್ಲಿಯೂ ನಿಷೇಧಿಸಿದರೂ, ಶಾಲೆಯ ಹೊತ್ತಿನ ಬಳಿಕ ಮತ್ತು ರಜೆಯಲ್ಲಿ ಮನೆಯ ಕಸುಬಿಗೆ ನೆರವಾಗುವುದನ್ನು ಅನುಮತಿಸಿತು. ಸುಲಿಗತ್ತಿಯ ಮುಂದೆ ಕುಳಿತ ಮಗುವಿನ ಪ್ರಶ್ನೆಯು ಈ ಅನುಮತಿಯ ಅಂಚಿನಲ್ಲಿಯೇ ಉಳಿದಿದೆ. ದೇಶದಲ್ಲಿ ದುಡಿಯುವ ಮಕ್ಕಳ ಸಂಖ್ಯೆಯು ೨೦೦೧ರ ಜನಗಣತಿಯಲ್ಲಿ ಸುಮಾರು ೧ ಕೋಟಿ ೨೬ ಲಕ್ಷವಾಗಿದ್ದುದು ೨೦೧೧ರಲ್ಲಿ ಸುಮಾರು ೧ ಕೋಟಿ ೧ ಲಕ್ಷಕ್ಕೆ ಇಳಿಯಿತು. ಇಳಿತವು ನಿಜ, ಉಳಿದುದು ಅಲ್ಪವೇನಲ್ಲ.

೬

ಮೈರನ್ ವೀನರ್ ಎಂಬ ವಿದ್ವಾಂಸರು ೧೯೯೧ರ ತಮ್ಮ ಗ್ರಂಥದಲ್ಲಿ, ಭಾರತದ ಬಾಲಶ್ರಮಕ್ಕೆ ಬಡತನಕ್ಕಿಂತಲೂ ಓದಿದ ವರ್ಗದವರ ನಂಬಿಕೆಯೇ ಹೆಚ್ಚಿನ ಕಾರಣವೆಂದು ವಾದಿಸಿದರು. ಕೆಲವರ ಮಕ್ಕಳು ಕೈಗೆಲಸಕ್ಕೆ, ಕೆಲವರ ಮಕ್ಕಳು ಓದಿಗೆ ಎಂಬ ಭಾವನೆಯೇ ಆ ನಂಬಿಕೆ. ಕನ್ನಡ ನಾಡಿನಲ್ಲಿ ಇದನ್ನು ಸಮರ್ಥಿಸಲು ಕೆಲವೊಮ್ಮೆ ‘ಕಾಯಕ’ ಶಬ್ದವನ್ನು ಎಳೆತರುವುದುಂಟು. ಇದು ಅನ್ಯಾಯ. ಶರಣರ ಕಾಯಕವು ತಿಳಿದು ಒಪ್ಪಿ ಕೈಗೊಂಡ ಕರ್ಮ. ತಿಳಿಯದ ವಯಸ್ಸಿನಲ್ಲಿ ಸಾಲಕ್ಕಾಗಿ ಹೊರಿಸಿದ ದುಡಿಮೆಗೆ ಆ ಹೆಸರು ಸಲ್ಲದು. ಸಾಹಿತ್ಯದ ಅಧ್ಯಾಪಕರು ವಚನಗಳನ್ನು ಬೋಧಿಸುವಾಗ ಈ ಭೇದವನ್ನು ತೋರಿಸಿಕೊಡುವುದು ಉಚಿತ.

ಅದೇ ಪರಂಪರೆಯ ‘ದಾಸೋಹ’ ಶಬ್ದವು ಬೇರೊಂದು ದಾರಿಯನ್ನು ತೋರುತ್ತದೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳು ಭಕ್ತರಿಂದ ಧಾನ್ಯವನ್ನು ಕೂಡಿಸಿ ಸಹಸ್ರಾರು ಬಾಲಕರಿಗೆ ಜಾತಿಭೇದವಿಲ್ಲದೆ ಅನ್ನವನ್ನೂ ಅಕ್ಷರವನ್ನೂ ಒಟ್ಟಿಗೆ ನೀಡಿದರು. ಇಲ್ಲಿ ಜೋಳಿಗೆಯು ಮಗುವಿನ ಹೆಗಲಿನಿಂದ ಹಿರಿಯರ ಹೆಗಲಿಗೆ ಬಂದಿತು. ಕರ್ಣಾಟಕ ಸರ್ಕಾರವು ೨೦೦೨ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭಿಸಿ ಮರುವರ್ಷ ರಾಜ್ಯಕ್ಕೆಲ್ಲ ಹರಡಿದ ಶಾಲೆಯ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ವೆಂದೇ ಹೆಸರಿಟ್ಟಿತು. ವಾರಾನ್ನವು ಕೆಲವರಿಗೆ ಮಾಡಿದ ಉಪಕಾರವನ್ನು ಅದು ಎಲ್ಲರಿಗೂ, ಬೇಡುವ ದೈನ್ಯವಿಲ್ಲದೆ, ದೊರಕಿಸಿತು. ಹಸಿವಿನ ಅಡ್ಡಿಯು ಹೀಗೆ ಬಹುಮಟ್ಟಿಗೆ ನೀಗಿದ ಮೇಲೆ ಉಳಿಯುವುದು ಹೊತ್ತಿನ ಅಡ್ಡಿ. ಕೊಯ್ಲಿನ ತಿಂಗಳುಗಳಲ್ಲಿ ಬರಿದಾಗುವ ಬೆಂಚು ಯಾವುದು, ಹಾಜರಿದ್ದೂ ತೂಕಡಿಸುವ ಮಗು ಯಾವುದು ಎಂಬುದನ್ನು ಮೊದಲು ಕಾಣುವವರು ಊರಿನ ಉಪಾಧ್ಯಾಯರು. ಆ ಮಗುವಿನ ಮನೆಯ ಸಾಲ, ಕೂಲಿ, ಕೆಲಸಗಳನ್ನು ಕುರಿತು ಅವರು ವಿಚಾರಿಸಿದಲ್ಲದೆ ಯಾವ ಶಾಸನವೂ ಕೋಣಂದೂರಿನಂಥ ಊರಿನ ಅಡಕೆಯಂಗಳವನ್ನು ಮುಟ್ಟಲಾರದು.