ಊರೆಲ್ಲ ಒಲೆ ಆರಿಸಿದ ರಾತ್ರಿ

ನಾಳೆ ಸೂರ್ಯ ಹುಟ್ಟದಿದ್ದರೆ? ಮೆಕ್ಸಿಕೋದ ಆಜ್ಟೆಕ್ ಜನರಿಗೆ ಇದು ನಿಜವಾದ ಭಯ. ಅವರಿಗೆ ಎರಡು ಪಂಚಾಂಗ: 365 ದಿನದ್ದೊಂದು, 260 ದಿನದ್ದೊಂದು. ಎರಡೂ ಒಟ್ಟಿಗೆ ಮುಗಿಯುತ್ತಿದ್ದದ್ದು 52 ವರ್ಷಕ್ಕೊಮ್ಮೆ. ಆಗ ಲೋಕವೂ ಮುಗಿಯಬಹುದು ಅಂತ ನಂಬಿದ್ದರು.

ಆ ರಾತ್ರಿ ಗುಡಿಯ ಬೆಂಕಿ, ಮನೆಯ ಒಲೆ, ಎಲ್ಲ ಆರಿಸುತ್ತಿದ್ದರು. ಒಲೆಯ ಕಲ್ಲುಗಳನ್ನೂ ಮನೆದೇವರ ವಿಗ್ರಹಗಳನ್ನೂ ನೀರಿಗೆ ಎಸೆಯುತ್ತಿದ್ದರು. ಬಸುರಿಯರ ಮುಖಕ್ಕೆ ಕತ್ತಾಳೆಯ ಮುಖವಾಡ. ಮಕ್ಕಳು ಮಲಗಿದರೆ ಇಲಿಗಳಾಗಿಬಿಡುತ್ತಾರೆ ಅಂತ ತಟ್ಟಿ ತಟ್ಟಿ ಎಬ್ಬಿಸುತ್ತಿದ್ದರು!

ಬೆಟ್ಟದ ಮೇಲೆ ಪುರೋಹಿತರು ನೋಡುತ್ತಿದ್ದದ್ದು ಕೃತ್ತಿಕೆಯನ್ನು. ಹೌದು, ನಮ್ಮ ಪಂಚಾಂಗದ ಅದೇ ಕೃತ್ತಿಕಾ ನಕ್ಷತ್ರ. ಅದು ನಡುರಾತ್ರಿ ನೆತ್ತಿ ದಾಟಿದರೆ ಲೋಕ ಉಳಿಯಿತು. ತಕ್ಷಣ ಒಬ್ಬ ಸೆರೆಯಾಳಿನ ಎದೆಯ ಮೇಲೆ ಕಟ್ಟಿಗೆ ಕಡೆದು ಹೊಸ ಬೆಂಕಿ ಹುಟ್ಟಿಸುತ್ತಿದ್ದರು. ಅವನ ಹೃದಯ ಅದೇ ಬೆಂಕಿಗೆ ಆಹುತಿ. ಕೇಳಿದರೆ ಎದೆ ನಡುಗುತ್ತದೆ. ಆದರೆ ದೇವತೆಗಳು ತಮ್ಮನ್ನೇ ಬಲಿಕೊಟ್ಟು ಸೂರ್ಯನನ್ನು ಚಲಿಸುವಂತೆ ಮಾಡಿದರು, ಆ ಋಣ ತೀರಿಸಲೇಬೇಕು ಎಂಬುದು ಅವರ ನಂಬಿಕೆ. ಅದನ್ನು ಬಿಟ್ಟು ಬರೀ ರಕ್ತ ನೋಡಿದರೆ ಆಜ್ಟೆಕ್ ಧರ್ಮ ಅರ್ಥವಾಗುವುದಿಲ್ಲ.

ಓಟಗಾರರು ಆ ಬೆಂಕಿಯನ್ನು ಮಹಾಗುಡಿಗೆ ಒಯ್ಯುತ್ತಿದ್ದರು. ಅಲ್ಲಿಂದ ಮನೆಮನೆಗೆ.

ಕೊನೆಯ ಆಚರಣೆ ನಡೆದದ್ದು 1507ರಲ್ಲಿ. 1521ರಲ್ಲಿ ರಾಜಧಾನಿ ಟೆನೊಚ್ಟಿಟ್ಲಾನ್ ಸ್ಪೇನಿನವರ ವಶವಾಯಿತು.