ಹೆಡ್‌ಫೋನ್ ಜಾಕ್ ಹೋಯಿತು, ಖರ್ಚು ಯಾರ ಖಾತೆಗೆ ಬಂತು?

ಹೊಸ ಫೋನ್ ಕೊಳ್ಳಲು ಅಂಗಡಿಗೆ ಹೋದಾಗ ನಾವು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ರ‍್ಯಾಮ್ ಎಷ್ಟು, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಚಾರ್ಜ್ ಎಷ್ಟು ಹೊತ್ತು ನಿಲ್ಲುತ್ತದೆ. ಇಯರ್‌ಫೋನ್ ಚುಚ್ಚುವ ತೂತು ಇದೆಯೇ ಎಂದು ಕೇಳುವವರು ಕಡಿಮೆ. ಮನೆಗೆ ಬಂದು ಹಳೆಯ ಇಯರ್‌ಫೋನ್ ಕೈಗೆತ್ತಿಕೊಂಡಾಗಲೇ ಅದು ಇಲ್ಲ ಎಂದು ಗೊತ್ತಾಗುತ್ತದೆ. ಆ ತೂತಿನ ಹೆಸರು 3.5 ಮಿ.ಮೀ. ಹೆಡ್‌ಫೋನ್ ಜಾಕ್. ಅದು ಏಕೆ ಮಾಯವಾಯಿತು, ಅದರಿಂದ ಯಾರಿಗೆ ಲಾಭ, ಯಾರಿಗೆ ಖರ್ಚು ಎಂಬುದನ್ನು ನಾವು ತರಗತಿಯಲ್ಲಿ ಕಲಿತ ಪಾಠಗಳನ್ನೇ ಹಿಡಿದು ನೋಡೋಣ.

ಜಾಕ್ ಎಂದರೇನು?

ಇದು ಮೊಬೈಲ್‌ಗಿಂತ ಬಹಳ ಹಳೆಯದು. 19ನೇ ಶತಮಾನದ ಕೊನೆಯ ಭಾಗದಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ ಆಪರೇಟರ್‌ಗಳು ಒಬ್ಬರ ಕರೆಯನ್ನು ಇನ್ನೊಬ್ಬರಿಗೆ ಜೋಡಿಸಲು ಒಂದು ದಪ್ಪ ಪಿನ್ನನ್ನು ಬೋರ್ಡಿನ ತೂತಿಗೆ ಚುಚ್ಚುತ್ತಿದ್ದರು. ಅದರ ಅಳತೆ 6.35 ಮಿ.ಮೀ. ಗಿಟಾರ್ ಮತ್ತು ಆಂಪ್ಲಿಫೈಯರ್‌ಗಳಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಟ್ರಾನ್ಸಿಸ್ಟರ್ ರೇಡಿಯೋ ಬಂದಾಗ ಅದರ ಚಿಕ್ಕ ರೂಪವಾದ 3.5 ಮಿ.ಮೀ. ಜಾಕ್ ಬಂತು. 1979ರಲ್ಲಿ ಸೋನಿ ಕಂಪನಿಯ ವಾಕ್‌ಮನ್ ಅದನ್ನು ಲೋಕಕ್ಕೆಲ್ಲ ಪರಿಚಯಿಸಿತು.

ಇಯರ್‌ಫೋನಿನ ಪಿನ್ನನ್ನು ಹತ್ತಿರದಿಂದ ನೋಡಿ. ಅದರ ಮೇಲೆ ಕಪ್ಪು ಅಥವಾ ಬಿಳಿ ಗೆರೆಗಳಿರುತ್ತವೆ. ಮೂರು ಗೆರೆ ಇದ್ದರೆ ಪಿನ್ನು ನಾಲ್ಕು ಭಾಗವಾಗಿದೆ ಎಂದರ್ಥ. ತುದಿಯದು ಎಡ ಕಿವಿಗೆ, ಅದರ ಮುಂದಿನದು ಬಲ ಕಿವಿಗೆ, ಉಳಿದೆರಡರಲ್ಲಿ ಒಂದು ಮೈಕಿಗೆ, ಇನ್ನೊಂದು ಕರೆಂಟ್ ಹಿಂದಿರುಗುವ ದಾರಿ. ಫೋನಿನೊಳಗೆ ಹಾಡು ಅಂಕಿಗಳ ರೂಪದಲ್ಲಿ ಇರುತ್ತದೆ. ಆ ಅಂಕಿಗಳನ್ನು ಕಿವಿಗೆ ಕೇಳುವ ಅಲೆಯಾಗಿ ಬದಲಿಸುವ ಪುಟ್ಟ ಚಿಪ್‌ಗೆ ಡಿಎಸಿ ಎನ್ನುತ್ತಾರೆ. ಜಾಕ್ ಇದ್ದಾಗ ಈ ಕೆಲಸ ಫೋನಿನೊಳಗೇ ಮುಗಿಯುತ್ತಿತ್ತು. ಆದ್ದರಿಂದ ಇಯರ್‌ಫೋನಿನಲ್ಲಿ ತಂತಿ, ಪುಟ್ಟ ಸ್ಪೀಕರ್ ಮತ್ತು ಮೈಕ್ ಇದ್ದರೆ ಸಾಕಾಗಿತ್ತು. ಅದು ಅಗ್ಗವಾಗಿದ್ದ ಗುಟ್ಟು ಇದೇ.

ಯಾರು ತೆಗೆದರು, ಯಾವಾಗ?

ಎಲ್ಲರೂ ಆಪಲ್ ಕಂಪನಿಯ ಹೆಸರು ಹೇಳುತ್ತಾರೆ. ಆದರೆ ಅದಕ್ಕಿಂತ ಮೊದಲೇ, 2014ರಲ್ಲಿ, ಒಪ್ಪೋ ತನ್ನ ತೆಳ್ಳನೆಯ ಆರ್5 ಫೋನಿನಲ್ಲಿ ಜಾಕ್ ಕೊಟ್ಟಿರಲಿಲ್ಲ. 2016ರಲ್ಲಿ ಮೋಟೋ ಝಡ್ ಕೂಡ ಜಾಕ್ ಇಲ್ಲದೆ ಬಂತು. ಅದೇ ವರ್ಷ ಸೆಪ್ಟೆಂಬರ್ 7ರಂದು ಆಪಲ್ ತನ್ನ ಐಫೋನ್ 7 ಅನ್ನು ಜಾಕ್ ಇಲ್ಲದೆ ತೋರಿಸಿದಾಗ ಮಾತ್ರ ಜಗತ್ತು ತಿರುಗಿ ನೋಡಿತು. ಕಂಪನಿಯ ಮಾರ್ಕೆಟಿಂಗ್ ಮುಖ್ಯಸ್ಥ ಫಿಲ್ ಶಿಲ್ಲರ್ ಈ ತೀರ್ಮಾನವನ್ನು ‘ಧೈರ್ಯ’ ಎಂದು ಕರೆದರು. ಅದೇ ವೇದಿಕೆಯಲ್ಲಿ ತಂತಿಯಿಲ್ಲದ ಏರ್‌ಪಾಡ್ಸ್ ಕೂಡ ಬಂತು. ಅಮೆರಿಕದಲ್ಲಿ ಅದರ ಬೆಲೆ 159 ಡಾಲರ್, ಭಾರತದಲ್ಲಿ 15,400 ರೂಪಾಯಿ.

ಉಳಿದ ಕಂಪನಿಗಳು ಆಗ ನಕ್ಕವು. ಗೂಗಲ್ ತನ್ನ ಮೊದಲ ಪಿಕ್ಸೆಲ್ ಫೋನಿನ ಜಾಹೀರಾತಿನಲ್ಲಿ ಜಾಕ್ ಇರುವುದನ್ನೇ ಹೇಳಿಕೊಂಡಿತು. ಮರುವರ್ಷ, 2017ರಲ್ಲಿ, ಪಿಕ್ಸೆಲ್ 2ರಲ್ಲಿ ಜಾಕ್ ಇರಲಿಲ್ಲ. ಒನ್‌ಪ್ಲಸ್ 2018ರಲ್ಲಿ 6ಟಿ ಫೋನಿನಿಂದ ಅದನ್ನು ತೆಗೆಯಿತು. ಜಾಹೀರಾತಿನಲ್ಲಿ ಆಪಲ್ ಅನ್ನು ಗೇಲಿ ಮಾಡಿದ ಸ್ಯಾಮ್‌ಸಂಗ್ 2019ರ ನೋಟ್ 10ರಲ್ಲಿ ಅದೇ ದಾರಿ ಹಿಡಿಯಿತು. ಮೂರೇ ವರ್ಷಗಳಲ್ಲಿ ನಕ್ಕವರೆಲ್ಲ ಒಂದೇ ಸಾಲಿನಲ್ಲಿ ನಿಂತರು.

ಕಂಪನಿಗಳು ಕೊಡುವ ಕಾರಣಗಳು

ಕಾರಣಗಳು ಪೂರ್ತಿ ಸುಳ್ಳಲ್ಲ. ಫೋನಿನೊಳಗೆ ಜಾಗ ಬಹಳ ಕಡಿಮೆ. ಜಾಕ್ ಒಳಗೆ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಅದನ್ನು ತೆಗೆದರೆ ಬ್ಯಾಟರಿಗೆ ಅಥವಾ ಕ್ಯಾಮೆರಾಗೆ ಸ್ವಲ್ಪ ಜಾಗ ಸಿಗುತ್ತದೆ. ತೂತು ಒಂದು ಕಡಿಮೆಯಾದರೆ ನೀರು, ಧೂಳು ಒಳಹೋಗದಂತೆ ತಡೆಯುವುದೂ ಸುಲಭ. ಬಸ್ಸಿನಲ್ಲಿ ತಂತಿ ಸಿಕ್ಕಿಹಾಕಿಕೊಳ್ಳುವ ತೊಂದರೆಯೂ ಇಲ್ಲ.

ಆದರೆ ಜಾಕ್ ಇಟ್ಟುಕೊಂಡೇ ಇವನ್ನು ಮಾಡಲು ಆಗದು ಎಂಬುದು ಮಾತ್ರ ನಿಜವಲ್ಲ. 2016ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್7ಗೆ ಜಾಕ್ ಇತ್ತು, ನೀರು ಮತ್ತು ಧೂಳು ತಡೆಯುವ ಐಪಿ68 ದರ್ಜೆಯೂ ಇತ್ತು. ಸೋನಿ ತನ್ನ ದುಬಾರಿ ಫೋನ್‌ಗಳಿಂದ 2018ರಲ್ಲಿ ಜಾಕ್ ತೆಗೆದು, 2020ರಲ್ಲಿ ಎಕ್ಸ್‌ಪೀರಿಯಾ 1 ಮಾರ್ಕ್ 2ರಲ್ಲಿ ಮತ್ತೆ ತಂದಿತು. ಹಾಗಾದರೆ ಇದು ಎಂಜಿನಿಯರುಗಳಷ್ಟೇ ಮಾಡಿದ ತೀರ್ಮಾನವಲ್ಲ, ವ್ಯಾಪಾರದ ತೀರ್ಮಾನವೂ ಹೌದು. ಇಲ್ಲಿಂದ ಮುಂದೆ ನಮ್ಮ ವಿಷಯ.

ಪೂರಕ ಸರಕಿನ ಪಾಠ

ಅರ್ಥಶಾಸ್ತ್ರದಲ್ಲಿ ಪೂರಕ ಸರಕುಗಳ ಬಗ್ಗೆ ಓದುತ್ತೇವೆ. ಚಹಾ ಮತ್ತು ಸಕ್ಕರೆ, ಪೆನ್ನು ಮತ್ತು ಶಾಯಿ. ಒಂದನ್ನು ಕೊಂಡವನಿಗೆ ಇನ್ನೊಂದು ಬೇಕಾಗುತ್ತದೆ. ಫೋನ್ ಮತ್ತು ಇಯರ್‌ಫೋನ್ ಕೂಡ ಪೂರಕ ಸರಕುಗಳೇ.

3.5 ಮಿ.ಮೀ. ಜಾಕ್ ಯಾವ ಒಂದು ಕಂಪನಿಯ ಸ್ವತ್ತೂ ಆಗಿರಲಿಲ್ಲ. ಯಾರು ಬೇಕಾದರೂ ಅದಕ್ಕೆ ಇಯರ್‌ಫೋನ್ ತಯಾರಿಸಬಹುದಿತ್ತು, ಯಾರ ಅನುಮತಿಯೂ ಬೇಕಿರಲಿಲ್ಲ. ಮಾರುವವರು ಲೆಕ್ಕವಿಲ್ಲದಷ್ಟು ಮಂದಿ, ಆದ್ದರಿಂದ ಬೆಲೆ ಕೆಳಗೇ ಇತ್ತು. ಬಸ್ ಸ್ಟ್ಯಾಂಡಿನ ಪಕ್ಕದ ತಳ್ಳುಗಾಡಿಯಲ್ಲೂ ಇಯರ್‌ಫೋನ್ ಸಿಗುತ್ತಿತ್ತು. ಪರಿಪೂರ್ಣ ಪೈಪೋಟಿಗೆ ನಿಜ ಜೀವನದಲ್ಲಿ ಉದಾಹರಣೆ ಕೊಡಿ ಎಂದರೆ ಇದಕ್ಕಿಂತ ಹತ್ತಿರದ್ದು ಸಿಗುವುದು ಕಷ್ಟ.

ಐಫೋನ್ 7ರಲ್ಲಿ ಉಳಿದದ್ದು ಲೈಟ್ನಿಂಗ್ ಎಂಬ ಪೋರ್ಟ್ ಮಾತ್ರ. ಅದು ಆಪಲ್‌ನದೇ. ಅದಕ್ಕೆ ಅಧಿಕೃತವಾಗಿ ಸಾಧನ ತಯಾರಿಸಲು ಆಪಲ್‌ನ ಪರವಾನಗಿ ಬೇಕು. ಮೊದಲಿಗೆ ಪೆಟ್ಟಿಗೆಯಲ್ಲಿ ಇಯರ್‌ಫೋನೂ ಹಳೆಯ ಪಿನ್ನಿಗೆ ಹೊಂದುವ ಅಡಾಪ್ಟರೂ ಬರುತ್ತಿದ್ದವು. 2018ರ ಹೊಸ ಮಾದರಿಗಳಲ್ಲಿ ಅಡಾಪ್ಟರ್ ನಿಂತಿತು, ಬೇಕಾದವರು 9 ಡಾಲರ್ ಕೊಟ್ಟು ಕೊಳ್ಳಬೇಕಾಯಿತು. 2020ರಲ್ಲಿ ಐಫೋನ್ 12ರ ಪೆಟ್ಟಿಗೆಯಿಂದ ಇಯರ್‌ಫೋನೂ ಹೋಯಿತು, ಚಾರ್ಜರೂ ಹೋಯಿತು. ಹಿಂದೆ ಫೋನಿನ ಬೆಲೆಯಲ್ಲೇ ಸೇರಿದ್ದ ವಸ್ತು ಹಂತಹಂತವಾಗಿ ಬೇರೆ ಬಿಲ್ಲಿಗೆ ಬಂತು.

ಇತ್ತ ಕಂಪನಿಯ ಲೆಕ್ಕಪತ್ರ ನೋಡಿ. ಏರ್‌ಪಾಡ್ಸ್ ಸೇರಿರುವ ವಿಭಾಗದ ವಾರ್ಷಿಕ ಮಾರಾಟ 2016ರಲ್ಲಿ ಸುಮಾರು 1,100 ಕೋಟಿ ಡಾಲರ್ ಇದ್ದದ್ದು 2023ರಲ್ಲಿ ಸುಮಾರು 4,000 ಕೋಟಿ ಡಾಲರ್ ಆಗಿತ್ತು. ಇದರಲ್ಲಿ ವಾಚ್ ಮುಂತಾದವೂ ಸೇರಿವೆ, ಏರ್‌ಪಾಡ್ಸ್‌ನ ಪಾಲು ಎಷ್ಟೆಂದು ಕಂಪನಿ ಬೇರೆಯಾಗಿ ಹೇಳುವುದಿಲ್ಲ. ಆದರೂ ಪೂರಕ ಸರಕಿನಲ್ಲಿ ಎಷ್ಟು ವ್ಯಾಪಾರವಿದೆ ಎಂಬ ಅಂದಾಜು ಇದರಿಂದ ಸಿಗುತ್ತದೆ. ಪರಿಸರಸ್ನೇಹಿ ಎಂದು ಹೆಸರಾದ ನೆದರ್‌ಲೆಂಡ್ಸ್‌ನ ಫೇರ್‌ಫೋನ್ ಕಂಪನಿ ಕೂಡ 2021ರಲ್ಲಿ ತನ್ನ ನಾಲ್ಕನೇ ಫೋನಿನಿಂದ ಜಾಕ್ ತೆಗೆದು, ಅದೇ ಸಮಯಕ್ಕೆ ತಂತಿಯಿಲ್ಲದ ಇಯರ್‌ಬಡ್ಸ್ ಮಾರಾಟಕ್ಕೆ ಇಟ್ಟಿತು.

ಸವಕಳಿ ಹಾಕಿ ನೋಡೋಣ

ಲೆಕ್ಕಶಾಸ್ತ್ರದಲ್ಲಿ ಯಂತ್ರ, ಪೀಠೋಪಕರಣಗಳಿಗೆ ಸವಕಳಿ ಹಾಕುತ್ತೇವೆ. ಇಯರ್‌ಫೋನಿಗೂ ಹಾಕಬಹುದು. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ. ತಂತಿಯ ಇಯರ್‌ಫೋನ್ 200 ರೂಪಾಯಿ, ಬಾಳಿಕೆ ಒಂದು ವರ್ಷ. ಇಯರ್‌ಬಡ್ಸ್ 1,500 ರೂಪಾಯಿ, ಬಾಳಿಕೆ ಎರಡು ವರ್ಷ. ಎರಡರ ಗುಜರಿ ಬೆಲೆಯೂ ಸೊನ್ನೆ. ಸ್ಥಿರ ಕಂತಿನ ಪದ್ಧತಿಯಲ್ಲಿ ಮೊದಲನೆಯದರ ವಾರ್ಷಿಕ ಸವಕಳಿ 200 ರೂಪಾಯಿ, ಎರಡನೆಯದರದು 750 ರೂಪಾಯಿ. ಒಂದು ಮನೆಯಲ್ಲಿ ಓದುವ ಮಕ್ಕಳು ಮೂವರಿದ್ದರೆ ವರ್ಷಕ್ಕೆ 600 ರೂಪಾಯಿಯ ಜಾಗದಲ್ಲಿ 2,250 ರೂಪಾಯಿ. ವ್ಯತ್ಯಾಸ 1,650 ರೂಪಾಯಿ. ಇದರಲ್ಲಿ ಒಂದು ಬಡ್ ಕಳೆದುಹೋಗುವ ನಷ್ಟವನ್ನು ಸೇರಿಸಿಲ್ಲ.

ತಂತಿಯೂ ಪಿನ್ನಿನ ಹತ್ತಿರ ಮುರಿಯುತ್ತದೆ, ನಿಜ. ಆದರೆ ರಿಪೇರಿ ಅಂಗಡಿಯಲ್ಲಿ ಹೊಸ ಪಿನ್ ಬೆಸುಗೆ ಹಾಕಿಸಬಹುದು. ಇಯರ್‌ಬಡ್ಸ್‌ನಲ್ಲಿ ಎರಡು ಬಡ್‌ಗಳಿಗೆ ಒಂದೊಂದು, ಡಬ್ಬಿಗೆ ಒಂದು, ಹೀಗೆ ಮೂರು ಲಿಥಿಯಂ ಬ್ಯಾಟರಿ ಇರುತ್ತವೆ. ಚಾರ್ಜ್ ಮಾಡಿದಷ್ಟೂ ಅವುಗಳ ಶಕ್ತಿ ಕುಗ್ಗುತ್ತದೆ. ಹೆಚ್ಚಿನವುಗಳನ್ನು ಅಂಟು ಹಾಕಿ ಮುಚ್ಚಿರುವುದರಿಂದ ಬ್ಯಾಟರಿ ಬದಲಿಸಲು ಆಗುವುದಿಲ್ಲ. ವಸ್ತುಗಳನ್ನು ಬಿಚ್ಚಿ ರಿಪೇರಿಗೆ ಎಷ್ಟು ಸುಲಭ ಎಂದು ಅಂಕ ಕೊಡುವ ಐಫಿಕ್ಸಿಟ್ ಸಂಸ್ಥೆ ಏರ್‌ಪಾಡ್ಸ್‌ಗೆ ಹತ್ತಕ್ಕೆ ಸೊನ್ನೆ ಕೊಟ್ಟಿತ್ತು. ಬ್ಯಾಟರಿ ಬದಲಿಸುವಂತೆ ಮಾಡುವುದು ಅಸಾಧ್ಯವೇನಲ್ಲ. 2024ರಲ್ಲಿ ಅದೇ ಫೇರ್‌ಫೋನ್ ಅಂತಹ ಇಯರ್‌ಬಡ್ಸ್ ತಂದು ತೋರಿಸಿತು.

ರೇಡಿಯೋ ಕೂಡ ಹೋಯಿತು

ಹಲವರಿಗೆ ಗೊತ್ತಿಲ್ಲದ ಇನ್ನೊಂದು ನಷ್ಟವಿದೆ. ಫೋನಿನಲ್ಲಿ ಎಫ್‌ಎಂ ಕೇಳಲು ಇಯರ್‌ಫೋನ್ ಚುಚ್ಚಲೇಬೇಕು ಎಂದು ನೆನಪಿದೆಯೇ? ಇಯರ್‌ಫೋನಿನ ತಂತಿಯೇ ಅಲ್ಲಿ ಆಂಟೆನಾ. ಜಾಕ್ ಹೋದ ಬಹಳಷ್ಟು ಫೋನ್‌ಗಳಲ್ಲಿ ಎಫ್‌ಎಂ ಕೂಡ ಹೋಯಿತು.

ನಮ್ಮ ಮನೆಯಲ್ಲಿ ಭಾಯ್‌ಜಾನ್ ಬಳಸಿ ಬಿಟ್ಟ ಫೋನ್ ನನಗೆ, ನಾನು ಬಿಟ್ಟದ್ದು ದಾದಿಗೆ. ದಾದಿಗೆ ಮಧ್ಯಾಹ್ನ ರೇಡಿಯೋದಲ್ಲಿ ಹಳೆಯ ಹಾಡು ಕೇಳುವ ಅಭ್ಯಾಸ. ಈ ಸಲ ಅವರ ಕೈಗೆ ಬಂದದ್ದು ಜಾಕ್ ಇಲ್ಲದ ಫೋನ್. ಈಗ ಹಾಡು ಕೇಳಬೇಕಾದರೆ ಡೇಟಾ ಬೇಕು, ಆ್ಯಪ್ ತೆರೆದುಕೊಡಲು ನಮ್ಮಲ್ಲಿ ಒಬ್ಬರು ಬೇಕು. ಮೊದಲು ಅವರಿಗೆ ಪೈಸೆಯೂ ಖರ್ಚಿಲ್ಲದೆ ಸಿಗುತ್ತಿದ್ದ ವಸ್ತು ಅದು.

ಇದು ಹಾಡಿನ ವಿಷಯ ಮಾತ್ರವಲ್ಲ. ಪ್ರವಾಹ, ಚಂಡಮಾರುತಗಳಲ್ಲಿ ಮೊಬೈಲ್ ಟವರ್ ಕೆಲಸ ನಿಲ್ಲಿಸಿದಾಗ ನೆಟ್‌ವರ್ಕ್ ಇಲ್ಲದೆಯೂ ಸುದ್ದಿ ತಲುಪಿಸಬಲ್ಲದ್ದು ರೇಡಿಯೋ. ಈ ಕಾರಣವನ್ನೂ ಹೇಳಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2023ರಲ್ಲಿ ಫೋನ್ ತಯಾರಕರಿಗೆ ಒಂದು ಸಲಹೆ ಕಳಿಸಿತು: ಎಫ್‌ಎಂ ಸೌಲಭ್ಯವಿರುವ ಫೋನ್‌ಗಳಲ್ಲಿ ಅದನ್ನು ಮುಚ್ಚಿಡಬೇಡಿ, ಚಾಲೂ ಇಡಿ. ಸಲಹೆ ಒಳ್ಳೆಯದೇ. ಆದರೆ ಆಂಟೆನಾ ಚುಚ್ಚುವ ಜಾಗವೇ ಇಲ್ಲದ ಫೋನಿಗೆ ಅದರಿಂದ ಹೆಚ್ಚು ಉಪಯೋಗವಿಲ್ಲ.

ಕೊಳ್ಳುವ ಮುನ್ನ

ಇಯರ್‌ಬಡ್ಸ್ ಕೊಳ್ಳಬೇಡಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಇಷ್ಟವಿದ್ದು, ಹಣವಿದ್ದು ಕೊಳ್ಳುವುದು ಒಂದು. ಬೇರೆ ದಾರಿ ಇಲ್ಲದೆ ಕೊಳ್ಳುವುದು ಇನ್ನೊಂದು. ರಾತ್ರಿ ಎಲ್ಲರೂ ಮಲಗಿದ ಕೋಣೆಯಲ್ಲಿ ಪಾಠದ ವಿಡಿಯೋ ನೋಡುವ ವಿದ್ಯಾರ್ಥಿಗೆ ಇಯರ್‌ಫೋನ್ ಶೋಕಿಯಲ್ಲ, ಪಠ್ಯಪುಸ್ತಕದಷ್ಟೇ ಅಗತ್ಯ. ಆದ್ದರಿಂದ ಕೆಲವು ವಿಷಯ ನೆನಪಿಡೋಣ.

ಮೊದಲನೆಯದು, ಜಾಕ್ ಪೂರ್ತಿ ಸತ್ತಿಲ್ಲ. ಕಡಿಮೆ ಬೆಲೆಯ ಹಲವು ಫೋನ್‌ಗಳಲ್ಲಿ ಇನ್ನೂ ಇದೆ. ಅಂಗಡಿಯಲ್ಲಿ ಕೇಳಿ, ಕೈಗೆ ತೆಗೆದುಕೊಂಡು ನೋಡಿ.

ಎರಡನೆಯದು, ಜಾಕ್ ಇಲ್ಲದ ಫೋನಾದರೆ ಟೈಪ್-ಸಿ ಅಡಾಪ್ಟರ್ ಸಿಗುತ್ತದೆ. ಅದರಲ್ಲಿ ಎರಡು ಬಗೆ. ಡಿಎಸಿ ಚಿಪ್ ಇರುವುದು, ಇಲ್ಲದಿರುವುದು. ಚಿಪ್ ಇಲ್ಲದ್ದು ಕೆಲವೇ ಫೋನ್‌ಗಳಲ್ಲಿ ಕೆಲಸ ಮಾಡುತ್ತದೆ. ನಿಮ್ಮ ಫೋನಿಗೆ ಚುಚ್ಚಿ, ಶಬ್ದ ಕೇಳಿದ ಮೇಲೆಯೇ ಹಣ ಕೊಡಿ. ಪೋರ್ಟ್ ಒಂದೇ ಆದ್ದರಿಂದ ಕೇಳುತ್ತಾ ಚಾರ್ಜ್ ಮಾಡಬೇಕೆಂದರೆ ಎರಡು ಕವಲಿನ ಅಡಾಪ್ಟರ್ ಬೇಕಾಗುತ್ತದೆ.

ಮೂರನೆಯದು, ಫೋನಿನ ಬೆಲೆ ಹೋಲಿಸುವಾಗ ಇಯರ್‌ಫೋನ್, ಅಡಾಪ್ಟರ್, ಚಾರ್ಜರ್ ಎಲ್ಲವನ್ನೂ ಕೂಡಿಸಿ ಹೋಲಿಸಿ. ಸಾವಿರ ರೂಪಾಯಿ ಅಗ್ಗವೆಂದು ಕಂಡ ಫೋನ್ ಕೊನೆಗೆ ದುಬಾರಿಯಾಗಬಹುದು.

ಕೊನೆಯದು, ಕೆಟ್ಟ ಇಯರ್‌ಬಡ್ಸ್ ಅನ್ನು ಕಸದ ಬುಟ್ಟಿಗೆ ಹಾಕಬೇಡಿ. ಒಳಗಿರುವ ಲಿಥಿಯಂ ಬ್ಯಾಟರಿ ಜಜ್ಜಿಹೋದರೆ ಬೆಂಕಿ ಹತ್ತಬಹುದು. ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ.

ಜಾಕ್ ತೆಗೆದುದರಿಂದ ಫೋನಿನ ತಯಾರಿಕೆಯಲ್ಲಿ ಒಂದು ಚಿಕ್ಕ ಭಾಗದ ವೆಚ್ಚ ಉಳಿಯಿತು. ಡಿಎಸಿ ಚಿಪ್, ಬ್ಯಾಟರಿ, ಅಡಾಪ್ಟರ್‌ಗಳ ವೆಚ್ಚ ಫೋನಿನ ಹೊರಗೆ, ನಮ್ಮ ಜೇಬಿಗೆ ಬಂತು. ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರಲೇಬೇಕು ಎಂದು ಮೊದಲ ದಿನವೇ ಕಲಿತಿದ್ದೇವೆ. ಮುಂದೆ ಕಂಪನಿಗಳು ಸಿಮ್ ಟ್ರೇ ತೆಗೆಯಲಿ, ಮತ್ತೊಂದು ತೆಗೆಯಲಿ, ‘ಇದರ ಖರ್ಚು ಈಗ ಯಾರ ಖಾತೆಗೆ?’ ಎಂದು ಕೇಳುವ ಅಭ್ಯಾಸ ಕಾಮರ್ಸ್ ವಿದ್ಯಾರ್ಥಿಗಳಾದ ನಮಗಾದರೂ ಇರಲಿ.